ನಾಲ್ಕು ಬೆರಳು ಮಣ್ಣು

ಶಿವಬಸಮ್ಮನ ಮಾಳಿಗೆ ಸೋರಿದ್ದನ್ನು ನಾರಾಯಣಪೇಟೆಯಲ್ಲಿ ಕಂಡವರಿರಲಿಲ್ಲ. ಮಳೆ ಹಿಡಿಯಿತೆಂದರೆ ಓಣಿಯ ಉಳಿದ ಮನೆಗಳಲ್ಲಿ ಬೋಗುಣಿ, ತಂಬಿಗೆ, ಹಂಡೆಗಳೆಲ್ಲ ನಡುಮನೆಗೆ ಬಂದು ಹನಿಗೆ ಬಾಯಿ ತೆರೆದು ಕೂರುತ್ತಿದ್ದವು. ಅವಳ ಮನೆಯ ಪಾತ್ರೆಗಳು ಅಡುಗೆಮನೆ ಬಿಟ್ಟು ಕದಲುತ್ತಿರಲಿಲ್ಲ. ಪ್ರತಿವರ್ಷ ರೋಹಿಣಿ ಮಳೆಗೆ ಮೊದಲು ಅವಳು ದಾಮರಗಿದ್ದದ ಕಡೆಯ ಸವಳು ಮಣ್ಣನ್ನು ಕತ್ತೆಗಳ ಮೇಲೆ ಹೇರಿಸಿ ತರಿಸುತ್ತಿದ್ದಳು. ಅದನ್ನು ಮಾಳಿಗೆಯ ಮೇಲೆ ನಾಲ್ಕು ಬೆರಳು ದಪ್ಪ ಹಾಸಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿಸಿ ಗಟ್ಟಿ ಮಾಡಿಸುತ್ತಿದ್ದಳು. ಓಣಿಯ ಉಳಿದವರು ಎರಡು ಬೆರಳಿಗೆ ಮುಗಿಸುತ್ತಿದ್ದರು. ಹಳೆಯ ಮಣ್ಣನ್ನು ಕೆರೆದು ತೆಗೆದು ಹೊಸದು ಹಾಕುವ ಜಾಣರೂ ಇದ್ದರು. ಶಿವಬಸಮ್ಮ ತೆಗೆಯುವ ಪೈಕಿಯಲ್ಲ.

"ಹಾಕಿದ್ದನ್ನ ತೆಗದು ಮತ್ತ ಹಾಕೋದಂದ್ರ, ಉಂಡಿದ್ದನ್ನ ಕಕ್ಕಿ ಮತ್ತ ಉಂಡಂಗ" ಎಂದು ಅವಳು ಪಕ್ಕದ ಮನೆಯ ಹಂಪಮ್ಮನಿಗೆ ಹೇಳುತ್ತಿದ್ದಳು. ಹಂಪಮ್ಮನ ಮಾಳಿಗೆ ಸೋರುತ್ತಿತ್ತು. ಹಾಗಾಗಿ ಅವಳಿಗೆ ಎದುರಾಡುವ ಹಕ್ಕು ಇರಲಿಲ್ಲ.

ಊರಿಗೆ ಕರೆಂಟು ಬಂದದ್ದು ದೊಡ್ಡ ಯುದ್ಧ ಶುರುವಾಗುವ ಹಿಂದಿನ ವರ್ಷ. ಊರ ಹೊರಗೆ ಒಂದು ಖಾಸಗಿ ಕಂಪನಿ ಡೀಸೆಲ್ ಎಂಜಿನ್ನು ಹೂಡಿ, ಹೊತ್ತು ಮುಳುಗಿದ ಮೇಲೆ ಓಡಿಸಿ, ಜನ ಮಲಗುವ ವೇಳೆಗೆ ನಿಲ್ಲಿಸುತ್ತಿತ್ತು. ಶಿವಬಸಮ್ಮನ ಗಂಡ ದೇವೇಂದ್ರಪ್ಪ ಸೀರೆ ವ್ಯಾಪಾರಿ. ಸಂಜೆ ಗಿರಾಕಿಗೆ ಜರಿಯ ಹೊಳಪು ಕಾಣಲೆಂದು ಓಣಿಯಲ್ಲಿ ಮೊದಲು ದೀಪ ಹಾಕಿಸಿಕೊಂಡವನು ಅವನೇ. ಹಿತ್ತಲ ಓಣಿಯ ಕಂಬದಿಂದ ಜೋಡಿ ತಂತಿ ಹೊರಟು, ಅವನ ಮಾಳಿಗೆಯ ನಟ್ಟನಡುವೆ ಹಾದು, ಮುಂದಿನ ಅಂಗಡಿಗೆ ಇಳಿಯುತ್ತಿತ್ತು.

ಹಗಲು ಎಂಜಿನ್ನು ಇಲ್ಲ, ಆದ್ದರಿಂದ ಹಗಲು ತಂತಿಯಲ್ಲಿ ಏನೂ ಇಲ್ಲ. ಈ ಸತ್ಯವನ್ನು ಕಂಪನಿಗಿಂತ ಮೊದಲು ಮನಗಂಡವರು ಓಣಿಯ ಹೆಂಗಸರು. ಮಾಳಿಗೆಯ ಮೇಲೆ ಪುಕ್ಕಟೆಯಾಗಿ ಬಿಗಿದ ತಂತಿಯನ್ನು ಬರಿದೇ ಬಿಡುವುದು ಅವರಿಂದ ಆಗಲಿಲ್ಲ. ಬೆಳಿಗ್ಗೆ ಒಗೆದ ಸೀರೆ, ಧೋತರ, ಕೌದಿಗಳೆಲ್ಲ ಅದರ ಮೇಲೆ ಒಣಗುತ್ತಿದ್ದವು. ಸಂಜೆ ಊರ ಹೊರಗಿನಿಂದ ಢಬ್ ಢಬ್ ಎಂದು ಎಂಜಿನ್ನು ಕೆಮ್ಮಿದೊಡನೆ ಓಣಿಯ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಮೇಲೆ ಓಡುತ್ತಿದ್ದರು. ಎಂಜಿನ್ನು ನಾಲ್ಕು ಸಲ ಕೆಮ್ಮಿ ಆಮೇಲೆ ಓಟ ಹಿಡಿಯುತ್ತಿತ್ತು. ಆ ನಾಲ್ಕು ಕೆಮ್ಮಿನೊಳಗೆ ಬಟ್ಟೆ ಎಳೆದುಕೊಳ್ಳಬೇಕು. ವರ್ಷಾನುಗಟ್ಟಲೆ ಬಟ್ಟೆ ಎಳೆದು ಎಳೆದು ತಂತಿಯ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದು, ತಾಮ್ರ ಹೊರಗೆ ಹೊಳೆಯುತ್ತಿತ್ತು. ಅದು ಚೆಲುವಾಗಿಯೇ ಕಾಣುತ್ತಿತ್ತು.

ಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಅಳಿಯ ತಾಯಪ್ಪ ಬರುವುದು ಗಟ್ಟಿಯಾಯಿತು. ಮಗಳು ಸಂಗಮ್ಮನ ಮದುವೆ ಗದ್ವಾಲದಲ್ಲೇ, ಬೀಗರ ಮನೆಯ ಮುಂದೆಯೇ ಆಗಿತ್ತು. ಮದುವೆಯಾದ ಮೇಲೆ ಅಳಿಯ ಅತ್ತೆಯ ಮನೆಗೆ ಬರುವುದು ಇದೇ ಮೊದಲು. ನಾಲ್ಕು ದಿನ ಉಂಡು, ಹೆಂಡತಿಯನ್ನು ಕರೆದುಕೊಂಡು ಹೋಗಬೇಕು.

ಇದರಲ್ಲಿ ಒಂದು ತೊಡಕಿತ್ತು. ತಾಯಪ್ಪ ಎತ್ತರದ ಆಳು. ಹೆಣ್ಣು ನೋಡಲು ಬಂದ ದಿನ ಅಂಗಡಿಯ ಬಾಗಿಲ ತೊಲೆಗೆ ಹಣೆ ಜಜ್ಜಿಕೊಂಡಿದ್ದ. ಅವನ ತಾಯಿ ಅನ್ನಮ್ಮ ಅದನ್ನು ಅಪಶಕುನವೆಂದೇ ಹಿಡಿದಳು. ಅವತ್ತು ಮಾತು ಮುರಿಯದೆ ಉಳಿದದ್ದು ಹೂರಣದ ಹೋಳಿಗೆಯ ಪುಣ್ಯ. ಈಗ ಮಗನನ್ನು ಕಳಿಸುವ ಮೊದಲು ಅವಳು ಹೇಳಿ ಕಳಿಸಿದ್ದಳು: "ನನ್ನ ಮಗನ ತಲಿಗೆ ನಿಮ್ಮ ಮನ್ಯಾಗ ಇನ್ನೊಮ್ಮಿ ಏನಾರ ತಗಲಿತಂದ್ರ, ನಿಮ್ಮ ಮಗಳು ಈ ವರ್ಷ ಅಲ್ಲೇ ಇರಲಿ. ಮುಂದಿನ ವರ್ಷ ನೋಡೋಣು."

ಶಿವಬಸಮ್ಮ ತೊಲೆಯ ಕೆಳಗೆ ಹೊಸ್ತಿಲನ್ನು ಕೊರೆಸಿ ತಗ್ಗು ಮಾಡಿಸಿದಳು. ಉಳಿದ ಬಾಗಿಲುಗಳಿಗೆ ಹತ್ತಿ ತುಂಬಿದ ಬಟ್ಟೆ ಹೊಲಿಸಿ ಕಟ್ಟಿದಳು. ಎಲ್ಲ ಮುಗಿಯಿತು ಎಂದು ಮಾಳಿಗೆಗೆ ಹೋಗಿ ಸೀರೆ ಒಣಹಾಕುವಾಗ ಅವಳ ಕೈ ತಂತಿಯ ಮೇಲೇ ನಿಂತುಬಿಟ್ಟಿತು. ಮೊದಮೊದಲು ಈ ತಂತಿಗೆ ಸೀರೆ ಹಾಕಲು ಕೋಲು ಬೇಕಾಗುತ್ತಿತ್ತು. ಈಗ ಕೈಗೇ ಎಟಕುತ್ತದೆ. ಅವಳೇನು ಈ ವಯಸ್ಸಿಗೆ ಬೆಳೆದಿರಲಿಲ್ಲ.

ಬೇಸಿಗೆಯಲ್ಲಿ ಎಲ್ಲರೂ ಮಲಗುವುದು ಮಾಳಿಗೆಯ ಮೇಲೆ. ಅಳಿಯನಿಗೂ ಹಾಸಿಗೆ ಇಲ್ಲಿಯೇ.

ಅವಳು ಕೆಳಗಿಳಿದು, ಅಳಿಯನ ಹಣೆ ತಾಗಿದ್ದ ತೊಲೆಯಿಂದ ಹಳೆಯ ಹೊಸ್ತಿಲಿನ ಮಟ್ಟದವರೆಗೆ ಹಗ್ಗ ಹಿಡಿದು ಗಂಟು ಹಾಕಿದಳು. ಹಣೆಯಿಂದ ನೆತ್ತಿಗೆ ನಾಲ್ಕು ಬೆರಳು ಸೇರಿಸಿದಳು. ಆ ಹಗ್ಗದೊಡನೆ ಗಂಡನನ್ನೂ ಮೇಲೆ ಕರೆದೊಯ್ದಳು. ದೇವೇಂದ್ರಪ್ಪ ಗಿಡ್ಡ ಮನುಷ್ಯ. ಮನೆಯಲ್ಲಿ ಎಲ್ಲರೂ ಗಿಡ್ಡರೇ. ಅವನನ್ನು ಬುಡಮೇಲು ಮಾಡಿದ ಸೀಮೆಎಣ್ಣೆ ಡಬ್ಬಿಯ ಮೇಲೆ ನಿಲ್ಲಿಸಿ, ಹಗ್ಗದ ಅಳತೆ ನೋಡಿ, "ಈಗ ರುಮಾಲು ಸುತ್ತಿಕೊಳ್ರಿ" ಎಂದಳು.

"ಯಾಕ?"

"ಈಗ ನೀವು ನಮ್ಮ ಅಳಿಯ ಇದ್ದೀರಿ. ಮಾತಾಡಬ್ಯಾಡ್ರಿ, ನಡೀರಿ."

"ಡಬ್ಬಿ ಮ್ಯಾಲ ಹೆಂಗ ನಡೀಲೇ?"

ಅವಳು ಡಬ್ಬಿಯನ್ನು ತಂತಿಯ ಕೆಳಗೇ ಸರಿಸಿ ಮತ್ತೆ ಹತ್ತಿಸಿದಳು. ತಂತಿ ರುಮಾಲಿಗೆ ಒತ್ತಿ, ರುಮಾಲು ದೇವೇಂದ್ರಪ್ಪನ ಕಣ್ಣಿನ ಮೇಲೆ ಜಾರಿ ಕೂತಿತು. ತನ್ನ ಮಾಳಿಗೆಯಿಂದ ನೋಡುತ್ತಿದ್ದ ಹಂಪಮ್ಮ ಮೆಣಸಿನಕಾಯಿ ಆರಿಸುವುದನ್ನು ಬಿಟ್ಟಳು.

"ಏನವ್ವ ಶಿವಬಸಮ್ಮ, ಯಜಮಾನ್ರನ್ನ ಏಲಂ ಹಾಕಾಕತ್ತೀಯೇನು?"

"ಕಂಪನಿಯವರು ತಂತಿ ಇಳಿಬಿಟ್ಟಾರ ನೋಡು. ಯುದ್ಧದಾಗ ತಾಮ್ರ ತುಟ್ಟಿ ಆಗೈತಿ ಅಂತ ಹಗುರ ತಂತಿ ಹಾಕ್ಯಾರ. ಜೋತು ಬಿದ್ದೈತಿ."

"ಅಳಿಯಗ ಬಗ್ಗಿ ನಡಿ ಅಂತ ಹೇಳಿದ್ರ ಆತಲ್ಲ."

ಶಿವಬಸಮ್ಮ ಗಂಡನನ್ನು ಡಬ್ಬಿಯಿಂದ ಇಳಿಸಿದಳು. ಮೊದಲ ಸಲ ಬಂದ ಅಳಿಯನಿಗೆ ತಲೆ ಬಗ್ಗಿಸು ಎನ್ನುವ ಮನೆ ಗದ್ವಾಲದಿಂದ ರಾಯಚೂರಿನವರೆಗೆ ಎಲ್ಲೂ ಇರಲಿಲ್ಲ. ಅದರ ಮೇಲೆ ಅತ್ತೆಯಾದವಳು ಹೊಸ ಅಳಿಯನೊಡನೆ ನೇರ ಮಾತೇ ಆಡುವಂತಿಲ್ಲ. ಸೆರಗು ಮುಂದೆಳೆದು, ಏನಿದ್ದರೂ ಮಗಳ ಮೂಲಕ ಹೇಳಿಸಬೇಕು. ಅಷ್ಟು ಹೊತ್ತಿಗೆ ಅಳಿಯ ತಂತಿ ದಾಟಿ ಹೋಗಿರುತ್ತಾನೆ.

ದೇವೇಂದ್ರಪ್ಪ ಎಂಜಿನ್ ಮನೆಗೆ ಹೋಗಿ ದೂರು ಕೊಟ್ಟು ಬಂದ. ಸಾಹೇಬರು ಊರೂರು ತಿರುಗುವ ದೌರೆಯ ಮೇಲೆ ಬರುವವರಿದ್ದಾರೆ, ಬಂದಾಗ ಮುಆಯಿನೆ ಅಂದರೆ ತಪಾಸಣೆ ಮಾಡುತ್ತಾರೆ ಎಂದರಂತೆ. ಶಿವಬಸಮ್ಮನಿಗೆ ಮುಆಯಿನೆಗಿಂತ ತಂತಿ ಮೇಲೇಳುವುದು ಮುಖ್ಯವಾಗಿತ್ತು. ಹಂಪಮ್ಮನ ದನದ ಕೊಟ್ಟಿಗೆಯಿಂದ ಒಂದು ಕವೆಗೋಲು ತಂದು, ಎರಡೂ ತಂತಿಗಳನ್ನು ಕವೆಯಲ್ಲಿ ಸಿಕ್ಕಿಸಿ ಎತ್ತಿ, ಕೋಲಿನ ಬುಡಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದಳು. ಅಗಸರು ಬಟ್ಟೆಯ ಹಗ್ಗ ಎತ್ತುವ ರೀತಿಯೇ ಇದು. ತಂತಿ ನೆಟ್ಟಗೆ ನಿಂತಿತು. ಆ ದಿನ ಸಂಜೆ ಅಂಗಡಿಯ ದೀಪ ತುಸು ಮಿಣಮಿಣ ಅಂದದ್ದನ್ನು ಬಿಟ್ಟರೆ ತೊಂದರೆಯೇನೂ ಕಾಣಲಿಲ್ಲ.

ಅಳಿಯ ಸಂಜೆಗೆ ಬರುತ್ತಾನೆ ಎಂದಿದ್ದ ದಿನವೇ ಬೆಳಿಗ್ಗೆ ಇನ್ಸ್‌ಪೆಕ್ಟರ್ ಸಾಹೇಬ ಬಂದ. ಖಾಕಿ ಕೋಟು, ತಲೆಗೆ ಕೆಂಪು ಟೋಪಿ. ಹಿಂದೆ ಲೈನ್‌ಮನ್ ಬಾಲಯ್ಯ ಟೇಪು ಹಿಡಿದಿದ್ದ. ಸಾಹೇಬ ಹೈದರಾಬಾದಿನವನಾದರೂ ಲಿಂಗಸೂಗೂರಿನಲ್ಲಿ ನೌಕರಿ ಮಾಡಿ ಕನ್ನಡ ಕಲಿತಿದ್ದ. ಮಾಳಿಗೆ ಹತ್ತಿ ಕವೆಗೋಲು ಕಂಡವನು ಮೆಟ್ಟಿಲ ಬಳಿಯೇ ನಿಂತ.

"ಇದನ್ನ ಯಾರು ನಿಲ್ಲಿಸಿದ್ರು?"

"ನಾನೇ ರೀ" ಎಂದಳು ಶಿವಬಸಮ್ಮ. "ನಿಮ್ಮ ತಂತಿ ಬಿದ್ದು ಹೋಗಾಕತ್ತಿತ್ತು, ಎತ್ತಿ ಹಿಡದೀನಿ. ಕೂಲಿ ಬ್ಯಾಡ."

"ಮಾಯಿ, ಕೋಲು ಒಣಗೈತಿ ಅಂತ ನೀವು ಬದುಕೀರಿ. ಸಂಜಿ ಮುಂದ ನಾಲ್ಕು ಹನಿ ಮಳಿ ಬಿದ್ದಿದ್ರ, ಇದನ್ನ ಹಿಡದವರು ಇದರಂಗೇ ಸೆಟೆದು ನಿಂದ್ರುತಿದ್ರು."

ಬಾಲಯ್ಯ ಕೋಲು ತೆಗೆದ. ತಂತಿ ಮತ್ತೆ ತನ್ನ ಜಾಗಕ್ಕೆ ಇಳಿಯಿತು. ಸಾಹೇಬ ಟೇಪು ಹಿಡಿದು, ಮಾಳಿಗೆಯಿಂದ ತಂತಿಗೆ ಆರು ಅಡಿ ಎಂದ. ಜನ ಓಡಾಡುವ ಮಾಳಿಗೆಯ ಮೇಲೆ ಎಂಟು ಅಡಿ ಬಿಡಬೇಕೆಂಬುದು ಕಾಯಿದೆ. ತಂತಿ ಎಳೆದ ದಿನ ಸರಿಯಾಗಿ ಎಂಟು ಅಡಿ ಇತ್ತು ಎಂದೂ ಹೇಳಿದ.

"ಅದನ್ನೇ ನಾನೂ ಹೇಳೋದು. ನಿಮ್ಮ ತಂತಿ ಎರಡು ಅಡಿ ಇಳದೈತಿ."

ಸಾಹೇಬ ಕೆಳಗಿಳಿದ. ಎಲ್ಲರೂ ಹಿಂದೆ ಇಳಿದರು. ಹಿತ್ತಲ ಓಣಿಯಲ್ಲಿ ಕಂಬದ ಮೇಲೆ ತಂತಿ ಕಟ್ಟಿದ ದಿನ ಬಳಿದ ಬಿಳಿ ಗುರುತಿತ್ತು. ತಂತಿ ಆ ಗುರುತಿನಲ್ಲೇ ಇತ್ತು. ಅಂಗಡಿಯ ಕಡೆಯ ಕಬ್ಬಿಣದ ತೋಳೂ ಅಲ್ಲಾಡಿರಲಿಲ್ಲ. ಎರಡರ ನಡುವೆ ದಾರ ಬಿಗಿಸಿ ನೋಡಿದ. ಅಲ್ಲಿಯೂ ತಂತಿ ಒಂದು ಬೆರಳೂ ಜೋತಿರಲಿಲ್ಲ.

"ತಾರ್ ಅಪ್ನೀ ಜಗಾ ಪರ್ ಹೈ" ಎಂದು ಸಾಹೇಬ ಕೈ ಝಾಡಿಸಿದ. "ತಂತಿ ತನ್ನ ಜಾಗಾದಾಗ ಐತಿ. ನಿಮ್ಮ ಮನಿ ಮ್ಯಾಲ ಎದ್ದೈತಿ."

"ಮನಿ ಏಳಾಕ ಅದೇನು ಎಮ್ಮಿ ಏನ್ರಿ?"

ಸಾಹೇಬ ಬೆರಳು ತೋರಿಸಿದ. ಮನೆಯ ಹಿಂಗೋಡೆಯಲ್ಲಿ ಮಾಳಿಗೆಯ ನೀರು ಹೊರಬೀಳುವ ದೋಣಿಗಳಿದ್ದವು. ಎಲ್ಲಕ್ಕಿಂತ ಕೆಳಗಿನದು ಕಲ್ಲಿನದು, ಕರೆಂಟು ಬಂದ ವರ್ಷವೇ ಮನೆ ಕಟ್ಟಿದಾಗ ಇಟ್ಟದ್ದು. ಅದರೊಳಗೆ ಗುಬ್ಬಿ ಗೂಡು ಕಟ್ಟಿತ್ತು. ಅದರ ಮೇಲೆ ಒಂದು ಮಣ್ಣಿನ ದೋಣಿ, ಅದರ ಬಾಯಿ ಮುಚ್ಚಿತ್ತು. ಎಲ್ಲಕ್ಕೂ ಮೇಲೆ ಹೊಸ ತಗಡಿನ ದೋಣಿ. ಅಂಗಿಯ ಗುಂಡಿಗಳಂತೆ ಒಂದರ ಮೇಲೊಂದು ಮೂರೂ ಗೋಡೆಗೆ ಕೂತಿದ್ದವು. ಮಣ್ಣು ಏರಿದಂತೆ ನೀರು ನಿಲ್ಲುತ್ತದೆಂದು ದೋಣಿಯನ್ನು ಮೇಲೆ ಸರಿಸಿದವಳು ಶಿವಬಸಮ್ಮನೇ. ಎರಡು ಸಲವೂ ಮೇಸ್ತ್ರಿಯ ಪಕ್ಕ ನಿಂತು ಮಾಡಿಸಿದ್ದಳು.

ಎಂಟು ವರ್ಷ, ವರ್ಷಕ್ಕೆ ನಾಲ್ಕು ಬೆರಳು. ಅವಳು ಮನಸ್ಸಿನಲ್ಲೇ ಕೂಡಿದಳು. ಲೆಕ್ಕ ಸಾಹೇಬನ ಟೇಪಿಗೆ ಸರಿಹೋಯಿತು. ಮಾಳಿಗೆಯ ಸುತ್ತಲಿನ ಕುಂಬಿಗೋಡೆ ಮೊದಲು ತನ್ನ ಸೊಂಟಕ್ಕೆ ಬರುತ್ತಿದ್ದುದು ಈಗ ಯಾಕೆ ಮೊಣಕಾಲಿಗೆ ಬಂದಿದೆ ಎಂಬುದೂ ಆ ಕ್ಷಣವೇ ತಿಳಿಯಿತು.

"ಮಣ್ಣು ಹಾಕಲಾರದ ಮಾಳಿಗಿ ಸೋರೂದಿಲ್ಲೇನ್ರಿ?" ಎಂದಳು.

"ಹಾಕ್ರಿ. ಹಳೇದು ತೆಗದು ಹಾಕ್ರಿ. ಎಂಟು ಅಡಿ ಆಗೋತನಕ ಕನೆಕ್ಷನ್ ಕಟ್."

ದೇವೇಂದ್ರಪ್ಪನ ಮುಖ ಇಳಿಯಿತು. ಅಳಿಯನ ಸಲುವಾಗಿ ಅವನು ಹೊಸ ಬಲ್ಬು ತಂದು ನಡುಮನೆಗೆ ಹಾಕಿಸಿದ್ದ. "ಸಾಹೇಬ್ರ, ಇವತ್ತೊಂದು ರಾತ್ರಿ ಬಿಡ್ರಿ. ಅಳಿಯ ಬರ್ತಾನ" ಎಂದ.

"ಅಳಿಯ ಬರ್ತಾನ ಅಂತಲೇ ಕಟ್ ಮಾಡೋದು."

ತಂತಿ ಬಿಚ್ಚುವ ಮೊದಲು, ಎಲ್ಲಿಯವರೆಗೆ ಕೆರೆಯಬೇಕೆಂದು ಗುರುತು ಹಾಕಲು ಮತ್ತೆ ಎಲ್ಲರೂ ಮಾಳಿಗೆ ಹತ್ತಿದರು. ಸಾಹೇಬ, ಬಾಲಯ್ಯ, ದೇವೇಂದ್ರಪ್ಪ, ಶಿವಬಸಮ್ಮ ತಂತಿಯ ಆಚೆ ಕುಂಬಿಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕಿ ನೋಡುತ್ತಿದ್ದರು. ಆಗ ಊರ ಹೊರಗಿನಿಂದ ಢಬ್ ಎಂದು ಒಂದು ಸದ್ದು ಬಂತು.

ಹೊತ್ತು ಇನ್ನೂ ನೆತ್ತಿಯ ಮೇಲಿತ್ತು. ಹಂಪಮ್ಮ ತನ್ನ ಮಾಳಿಗೆಯ ಮೇಲೆ ಕಕ್ಕಾಬಿಕ್ಕಿಯಾಗಿ ಎದ್ದು ನಿಂತಳು. ಹಗಲಲ್ಲಿ ಎಂಜಿನ್ನು ಕೆಮ್ಮಿದ್ದನ್ನು ಓಣಿ ಕೇಳಿರಲಿಲ್ಲ. ಸಾಹೇಬ ಹಣೆಗೆ ಕೈ ಹಚ್ಚಿಕೊಂಡ. ಎಂಜಿನ್ನಿಗೆ ಹೊಸ ಪಟ್ಟಿ ಹಾಕಿದ್ದರು. ಮಧ್ಯಾಹ್ನ ಓಡಿಸಿ ನೋಡ್ರಿ ಎಂದು ಬೆಳಿಗ್ಗೆ ಹುಕುಂ ಕೊಟ್ಟು ಬಂದವನು ಅವನೇ.

ಎರಡನೆಯ ಢಬ್ ಆಗುವಾಗ ಮೆಟ್ಟಿಲ ಬಾಯಿಂದ ಒಂದು ರುಮಾಲು ಮೇಲೆ ಬಂತು.

ಮೊದಲು ಜರಿಯ ತುರಾಯಿ, ಆಮೇಲೆ ಕೇಸರಿ ಸುತ್ತುಗಳು, ಅದರ ಕೆಳಗೆ ತಾಯಪ್ಪನ ಮುಖ. ಮಕ್ತಲಿನಲ್ಲಿ ತಂಗಿದ್ದವನು ಬಿಸಿಲಿಗೆ ಮೊದಲೇ ಜಟಕಾ ಕಟ್ಟಿಸಿ ಹೊರಟುಬಿಟ್ಟಿದ್ದ. ಕೆಳಗೆ ಮನೆಯಲ್ಲಿ ಯಾರೂ ಕಾಣದೆ, ಮಾಳಿಗೆಯ ಮೇಲೆ ಮಾತು ಕೇಳಿ ಹತ್ತಿದ್ದ. ಬಾಗಿಲುಗಳಿಗೆ ಕಟ್ಟಿದ್ದ ಹತ್ತಿಯ ಬಟ್ಟೆಗಳನ್ನು ಗೌರವದ ತೋರಣವೆಂದು ತಿಳಿದು ಅವನಿಗೆ ಖುಷಿಯೂ ಆಗಿತ್ತು. ಮಾವನನ್ನು ಕಂಡು ನಗುತ್ತಾ ನೆಟ್ಟಗೆ ತಂತಿಯ ಕಡೆಗೇ ಹೆಜ್ಜೆ ಹಾಕಿದ.

ಮೂರನೆಯ ಢಬ್.

"ಝುಕೋ" ಎಂದು ಸಾಹೇಬ ಗದರಿದ. "ಬಗ್ಗು, ಬಗ್ಗು."

ತಾಯಪ್ಪ ನಿಂತ. ಅವನು ಗದ್ವಾಲದವನು. ಸಂಸ್ಥಾನದ ಅರಸರ ದೇವಡಿಯ ಮುಂದೆ ಬಿಟ್ಟರೆ ಬೇರೆಲ್ಲೂ ಬಗ್ಗಿದವನಲ್ಲ. ಅತ್ತೆಯ ಮನೆಯ ಮಾಳಿಗೆಯ ಮೇಲೆ, ಕುಕ್ಕರಗಾಲಲ್ಲಿ ಕೂತ ಯಾವನೋ ಅಧಿಕಾರಿ ಬಗ್ಗು ಅಂದರೆ ಬಗ್ಗುವುದುಂಟೆ? ಅವನು ಎದೆ ಉಬ್ಬಿಸಿ ಇನ್ನೂ ಎರಡು ಬೆರಳು ಎತ್ತರವಾದ. ತುರಾಯಿಗೂ ತಂತಿಗೂ ನಡುವೆ ಒಂದು ಹೆಜ್ಜೆ ಉಳಿದಿತ್ತು. ಅವನು ಅದನ್ನೂ ಇಡಲು ಕಾಲೆತ್ತಿದ.

ಶಿವಬಸಮ್ಮ ಅಳಿಯನ ಹೆಸರು ಹಿಡಿದು ಕೂಗುವಂತಿರಲಿಲ್ಲ. ಸಂಗಮ್ಮ ಸಾಹೇಬನಿಗೆ ಕುಡಿಯುವ ನೀರು ತರಲು ಹಿತ್ತಲಿಗೆ ಹೋಗಿದ್ದಳು. ಬಾಯಿ ಕಟ್ಟಿತ್ತು, ಕಾಲು ಕಟ್ಟಿರಲಿಲ್ಲ. ಅವಳು ಕೂತಲ್ಲಿಂದ ಎದ್ದವಳೇ ತಂತಿಯ ಕೆಳಗೆ ನುಗ್ಗಿ ಹೋಗಿ ಅಳಿಯನ ಮುಂದೆ ದಬಕ್ಕನೆ ಬಿದ್ದು, ಎರಡೂ ಕೈಯಿಂದ ಅವನ ಪಾದ ಹಿಡಿದಳು.

ತಾಯಿಯ ವಯಸ್ಸಿನ ಅತ್ತೆ ಕಾಲಿಗೆ ಬೀಳುವುದನ್ನು ನೋಡುತ್ತಾ ನಿಲ್ಲುವ ಅಳಿಯ ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. "ಅತ್ತೀ, ಇದೇನ್ರಿ ಪಾಪ" ಎನ್ನುತ್ತಾ ತಾಯಪ್ಪ ಅವಳಿಗಿಂತ ತಗ್ಗಿಗೆ ಹೋಗುವ ಅವಸರದಲ್ಲಿ ಎಷ್ಟು ಜೋರಾಗಿ ಅಡ್ಡಬಿದ್ದನೆಂದರೆ, ರುಮಾಲು ತಲೆ ಬಿಟ್ಟು ಮುಂದಕ್ಕೆ ಹಾರಿ, ಬಿಚ್ಚಿಕೊಂಡು, ಎರಡೂ ತಂತಿಗಳ ಮೇಲೆ ಜೋತುಬಿತ್ತು.

ನಾಲ್ಕನೆಯ ಢಬ್. ಎಂಜಿನ್ನು ಓಟ ಹಿಡಿಯಿತು.

ಜರಿಯೆಂದರೆ ಬೆಳ್ಳಿಯ ಎಳೆ. ಸವೆದ ಜಾಗದಲ್ಲಿ ಎರಡು ತಂತಿಗೂ ಅದು ತಗಲಿದೊಡನೆ ಚಟಾರ್ ಎಂದು ನೀಲಿ ಬೆಂಕಿ ಹಾರಿತು. ಕಂಬದ ಮೇಲಿನ ಫ್ಯೂಜು ಸಿಡಿಯಿತು. ಸುಟ್ಟ ರೇಷ್ಮೆಯ ವಾಸನೆ ಹರಡಿತು. ಆಮೇಲೆ ನೋಡಿದರೆ ಮಾಳಿಗೆಯ ಮೇಲಿದ್ದವರೆಲ್ಲ, ಕೆಂಪು ಟೋಪಿಯ ಸಾಹೇಬನೂ ಸೇರಿ, ಹೊಟ್ಟೆಯ ಮೇಲೆ ಮಲಗಿದ್ದರು. ನೀರಿನ ತಂಬಿಗೆ ಹಿಡಿದು ಮೇಲೆ ಬಂದ ಸಂಗಮ್ಮ ಅವರನ್ನೆಲ್ಲ ನೋಡಿ, ಯಾರಿಗೆ ಮೊದಲು ನೀರು ಕೊಡಬೇಕೆಂದು ತಿಳಿಯದೆ ನಿಂತಳು.

ಮೊದಲು ಎದ್ದು ಕೂತದ್ದು ತಾಯಪ್ಪ. ಬರಿದಾದ ತಲೆ ಮುಟ್ಟಿ ನೋಡಿಕೊಂಡ. ತಂತಿಯ ಮೇಲೆ ಹೊಗೆಯಾಡುತ್ತಿದ್ದ ತನ್ನ ರುಮಾಲು ನೋಡಿದ. ಆಮೇಲೆ ಅತ್ತೆಯ ಕಡೆ ನೋಡಿದ.

"ಸಂಗಮ್ಮಾ" ಎಂದಳು ಶಿವಬಸಮ್ಮ, ಮಣ್ಣಾದ ಸೆರಗನ್ನು ಮುಂದೆಳೆದುಕೊಳ್ಳುತ್ತಾ, "ತಲಿಗೆ ಏನರ ತಗಲೇತೇನು ಅಂತ ಅವರನ್ನ ಕೇಳು." ಒಂದು ವರ್ಷ ಮಗಳು ತವರಲ್ಲಿ ಉಳಿಯುವುದೆಂದರೆ ಓಣಿಯಲ್ಲಿ ಏನೇನು ಮಾತು ಹುಟ್ಟುತ್ತವೆಂದು ಅವಳಿಗೆ ಗೊತ್ತಿತ್ತು. ಅದರಲ್ಲಿ ಅರ್ಧ ಮಾತು ಬೇರೆಯವರ ಮಕ್ಕಳ ಬಗ್ಗೆ ಅವಳೇ ಹುಟ್ಟಿಸಿದ್ದಳು.

ತಾಯಪ್ಪ ಹೆಂಡತಿಯ ಕಡೆ ತಿರುಗಿದ. "ತಲಿಗೆ ಏನೂ ತಗಲಿಲ್ಲ ಅಂತ ಹೇಳು. ತಗಲಿದ್ದು ರುಮಾಲಿಗೆ. ನಮ್ಮವ್ವ ತಲಿ ಮಾತು ಆಡ್ಯಾಳ, ರುಮಾಲಿನ ಮಾತು ಆಡಿಲ್ಲ."

"ಹೊಸಾ ರುಮಾಲು ಅಂಗಡ್ಯಾಗ ಐತಿ, ಇದಕ್ಕಿಂತ ಚಲೋದು" ಎಂದು ದೇವೇಂದ್ರಪ್ಪ ಮಲಗಿದ್ದಲ್ಲಿಂದಲೇ ಹೇಳಿದ.

ಆ ಸಂಜೆ ಮನೆಯಲ್ಲಿ ಎಣ್ಣೆದೀಪ ಹತ್ತಿತು. ಮರುದಿನ ಬೆಳಿಗ್ಗೆ ಆಳುಗಳು ಮಣ್ಣು ಕೆರೆಯಲು ಬಂದರು. ಅಳಿಯನೂ ಅಂಗಿ ಕಳಚಿ ಸಲಿಕೆ ಹಿಡಿದ. ಬೇಡ ಎಂದು ಸಂಗಮ್ಮನ ಮೂಲಕ ಎಷ್ಟು ಹೇಳಿಸಿದರೂ ಕೇಳಲಿಲ್ಲ. ಕತ್ತರಿಸಿದ ಮಣ್ಣಿನಲ್ಲಿ ಒಂದೊಂದು ವರ್ಷವೂ ಒಂದೊಂದು ಪದರವಾಗಿ ಕಾಣುತ್ತಿತ್ತು. ಶಿವಬಸಮ್ಮ ಕುಂಬಿಗೋಡೆಯ ಮೇಲೆ ಕೂತು ನೋಡುತ್ತಿದ್ದಳು. ಆ ಬೂದು ಪದರ ಸಂಗಮ್ಮನಿಗೆ ದಡಾರ ಬಂದ ವರ್ಷದ್ದು. ಆ ಕೆಂಪು ಪದರ ಕತ್ತೆಯವನು ಮೋಸ ಮಾಡಿ ಹೊಲದ ಮಣ್ಣು ತಂದ ವರ್ಷದ್ದು. ತೆಗೆದ ಮಣ್ಣು ಹಿತ್ತಲಲ್ಲಿ ಗುಡ್ಡೆಯಾಯಿತು. ಮೂರನೆಯ ದಿನ ಕಲ್ಲಿನ ದೋಣಿ ಮತ್ತೆ ಮಾಳಿಗೆಯ ಮಟ್ಟಕ್ಕೆ ಬಂತು. ಗುಬ್ಬಿಗಳಿಗೆ ಮಣ್ಣಿನ ದೋಣಿಯನ್ನು ಬಿಟ್ಟುಕೊಟ್ಟರು. ಬಾಲಯ್ಯ ಬಂದು ಹೊಸ ಹೊದಿಕೆಯ ತಂತಿ ಎಳೆದು, ಅಳೆದು, ಎಂಟು ಅಡಿ ಎಂದ. "ಇಂಕ ಬಟ್ಟಲು ವೇಯೊದ್ದಮ್ಮಾ" ಎಂದು ತೆಲುಗಿನಲ್ಲಿ ಕೈಮುಗಿದ. ಇನ್ನು ಬಟ್ಟೆ ಹಾಕಬೇಡಮ್ಮಾ ಎಂಬ ಆ ಮಾತಿಗೆ ಶಿವಬಸಮ್ಮ ಆಗಲಿ ಎಂದಳು. ಹಾಕಲು ಈಗ ಕೈಗೆ ಎಟಕುತ್ತಲೂ ಇರಲಿಲ್ಲ.

ಹಂಪಮ್ಮ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳು. "ಇಷ್ಟು ಚಲೋ ಮಣ್ಣು ಸುಮ್ಮನ ಬಿದ್ದೈತಿ. ನನ್ನ ಮಾಳಿಗಿಗೆ ಒಯ್ಯಲೇನು?"

"ನಿನ್ನ ಮಾಳಿಗಿ ಮ್ಯಾಲೂ ತಂತಿ ಹೋಗೈತಿ. ಮೊದಲು ಅಳೆಸು" ಎಂದು ಶಿವಬಸಮ್ಮ ಬುಟ್ಟಿ ಕಸಿದುಕೊಂಡಳು.

ಸಂಗಮ್ಮ ಗದ್ವಾಲಕ್ಕೆ ಹೊರಡುವ ದಿನ ತಾಯಪ್ಪ ಗಾಡಿಯ ಬಳಿ ನಿಂತು ಏನನ್ನೋ ಹೇಳಲು ಹಿಂದೆಮುಂದೆ ನೋಡುತ್ತಿದ್ದ. ಕೊನೆಗೆ ಹೆಂಡತಿಯ ಕಡೆ ಮುಖ ಮಾಡಿ, "ನಮ್ಮನ್ಯಾಗೂ ಕರೆಂಟ್ ಬಂದು ನಾಲ್ಕು ವರ್ಷ ಆತು. ನಮ್ಮವ್ವ ವರ್ಷಕ್ಕ ಆರು ಬೆರಳು ಹಾಕಸ್ತಾಳ. ನಾನೂ ಈಗೀಗ ಅಲ್ಲಿ ಬಗ್ಗೇ ನಡೀತಿದ್ದೆ, ಯಾಕ ಅಂತ ತಿಳಿದಿರಲಿಲ್ಲ" ಎಂದ.

ಶಿವಬಸಮ್ಮ ಒಳಗೆ ಹೋಗಿ ಬಾಲಯ್ಯ ಬಿಟ್ಟುಹೋಗಿದ್ದ ಅಳತೆಯ ಬಿದಿರುಗೋಲು ತಂದಳು. ಸರಿಯಾಗಿ ಎಂಟು ಅಡಿ. ಸಂಪ್ರದಾಯ ಮರೆತು ನೇರವಾಗಿ ಅಳಿಯನ ಕೈಗೇ ಕೊಟ್ಟಳು. "ಹೋದ ಕೂಡಲೇ ನಿಲ್ಲಿಸಿ ನೋಡ್ರಿ. ಹಗಲು ಹೊತ್ತಿನ್ಯಾಗ. ಮೊದಲು ನಿಮ್ಮ ಎಂಜಿನ್ ಮನಿಗೆ ಹೋಗಿ, ಇವತ್ತು ಹಗಲು ಕರೆಂಟ್ ಬಿಡ್ತೀರೇನು ಅಂತ ಕೇಳಿಕೊಂಡು ಬರ್ರಿ."

ಹೊರೆ, ಬುತ್ತಿ, ಸಂಗಮ್ಮ, ಬಿದಿರುಗೋಲು ಎಲ್ಲ ಗಾಡಿ ಏರಿದವು. ಕೋಲು ಹಿಂದೆ ಉದ್ದಕ್ಕೆ ಚಾಚಿ, ಓಣಿಯ ತಿರುವಿನಲ್ಲಿ ಒಂದು ಮನೆಯ ಗೋಡೆಗೆ ಗೀರು ಹಾಕಿ, ಮಕ್ತಲಿನ ದಾರಿ ಹಿಡಿಯಿತು.

ರೋಹಿಣಿ ಮಳೆ ಬಂದಾಗ ಶಿವಬಸಮ್ಮನ ಮಾಳಿಗೆ ಸೋರಿತು. ನಡುಮನೆಯಲ್ಲಿ ಒಂದೇ ಕಡೆ. ಅವಳು ಬೋಗುಣಿ ಇಟ್ಟು, ಹಂಪಮ್ಮ ಕೇಳುವ ಮೊದಲೇ, "ಲೈಟಿನ ಬೆಳಕಿಗೆ ಹನಿ ಎಲ್ಲಿ ಬೀಳ್ತೈತಿ ಅಂತ ಛಂದ ಕಾಣತೈತಿ" ಎಂದಳು.

ಮಳೆ ನಿಂತು ಕೃಷ್ಣೆ ದಾಟಲು ದಾರಿಯಾದಾಗ, ಗದ್ವಾಲಕ್ಕೆ ಸೀರೆ ಒಯ್ದಿದ್ದವನೊಬ್ಬ ಸುದ್ದಿ ತಂದ. ಸಂಗಮ್ಮ ಸುಖವಾಗಿದ್ದಾಳೆ. ಬಿದಿರುಗೋಲನ್ನು ಅಲ್ಲಿ ಮಾಳಿಗೆಯ ಮೇಲೆ ನಿಲ್ಲಿಸಿ ನೋಡಿದರಂತೆ. ಅದರ ತುದಿ ತಂತಿಗಿಂತ ಮೊಳದಷ್ಟು ಮೇಲೆ ಹೋಯಿತಂತೆ.

"ಬೀಗತಿ ಏನಂದಳು?" ಎಂದು ಶಿವಬಸಮ್ಮ ಕೇಳಿದಳು.

"ಮಣ್ಣು ತೆಗಸಾಕ ಒಪ್ಪಿಲ್ರಿ. ಕಂಪನಿಯವರು ತಂತಿ ಇಳಿಬಿಟ್ಟಾರ ಅಂತಾಳ."

ಶಿವಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳ ಭುಜ ಅಲುಗುವುದನ್ನು ಕಂಡ ದೇವೇಂದ್ರಪ್ಪನಿಗೆ ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಬಂತು: "ಆ ಇನ್ಸ್‌ಪೆಕ್ಟರ್ ಸಾಹೇಬ್ರು ಗದ್ವಾಲಕ್ಕ ದೌರೆ ಹೋಗ್ತಾರೇನು, ಒಂದು ಮಾತು ಕೇಳಿ ಬರ್ರಿ."